ಅಪ್ಪಯ್ಯ ಕೇಳಿದ ಪಾಠ

ತಲ್ಲೂರಿನ ಹತ್ತಿರ ನಾನು ಓದಿದ ಹೈಸ್ಕೂಲಿನಲ್ಲಿ ಬೆಳಿಗ್ಗೆ ಎಲ್ಲ ಕಡೆಯಂತೆ ಗಣಿತ, ವಿಜ್ಞಾನ, ಸಮಾಜ. ಊಟವಾದ ಮೇಲೆ ಕ್ಯಾಮೆರಾ, ಮೈಕು, ಎಡಿಟಿಂಗ್. ಬೆಳಿಗ್ಗೆ ಕಲಿತ ಪಾಠವನ್ನೇ ಮಧ್ಯಾಹ್ನ ವೀಡಿಯೊ ಮಾಡಬೇಕು. ಉಳಿದ ತರಗತಿಯವರು ನೋಡಿ ಅರ್ಥವಾಗಲಿಲ್ಲ ಎಂದರೆ ಮತ್ತೆ ಮಾಡಬೇಕು. ಅಪ್ಪಯ್ಯನಿಗೆ ಇದು ಅಷ್ಟು ಸರಿಕಂಡಿರಲಿಲ್ಲ. "ಶಾಲಿಗ್ ಹೋಪುದ್ ಓದುಕಾ, ಪಿಚ್ಚರ್ ತೆಗುಕಾ?" ಎಂದು ಕೇಳಿದ್ದರು. ಕೇಳಿದ್ದು ಅಬ್ಬಿಯ, ಅಂದರೆ ಅಮ್ಮನ ಹತ್ತಿರ, ನನ್ನ ಹತ್ತಿರ ಅಲ್ಲ. ಅಬ್ಬಿ ಮೀನು ಕೊಯ್ಯುತ್ತಲೇ, "ಎರಡೂ ಮಾಡ್ಲಿ ಬಿಡಿ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ನಮ್ಮ ಸ್ಟುಡಿಯೋ ಎಂದರೆ ಹಳೆಯ ಸಾಮಾನು ಕೋಣೆ. ಗೋಡೆ ತುಂಬ ಕಂಬಳಿ ಹೊಡೆದು, ಹೊರಗಿನ ಬಸ್ಸಿನ ಹಾರ್ನು ಒಳಗೆ ಬಾರದಂತೆ ಮಾಡಿದ್ದರು. ರೆಕಾರ್ಡಿಂಗ್ ನಡೆಯುವಾಗ ಫ್ಯಾನು ಹಾಕುವಂತಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ನಾನು ಸೌಂಡು ಕಲಿತೆ. ಕ್ಯಾಮೆರಾ ಹಿಡಿಯುತ್ತಿದ್ದವಳು ನನ್ನ ಗೆಳತಿ, ಘಟ್ಟದ ಬುಡದ ಅಮಾಸೆಬೈಲಿನವಳು. ತಲ್ಲೂರಿನಲ್ಲಿ ಅತ್ತೆಯ ಮನೆಯಲ್ಲಿದ್ದು ಶಾಲೆಗೆ ಬರುತ್ತಿದ್ದಳು.

ಒಂಬತ್ತನೆಯ ತರಗತಿಯಲ್ಲಿ ನಮ್ಮಿಬ್ಬರಿಗೆ ಶಬ್ದದ ಪಾಠ ಬಂತು. ನೀರಿನೊಳಗೆ ಶಬ್ದ ಕಳಿಸಿ, ಅದು ಬಡಿದು ಹಿಂದಿರುಗುವ ಸಮಯದಿಂದ ಆಳ ಅಳೆಯುವ ಭಾಗ. ಮೀಡಿಯಾ ಕಲಿಸುವ ಸರ್ ಮುಂಬೈಯ ಸೀರಿಯಲ್ಲುಗಳಿಗೆ ಸೌಂಡ್ ಮಾಡಿ ಊರಿಗೆ ಮರಳಿದವರು. "ಪುಸ್ತಕದ ಚಿತ್ರ ತೋರ್ಸಿ ಮುಗ್ಸಬೇಡಿ. ನಿನ್ನಪ್ಪಯ್ಯನ ಬೋಟಂಗೆ ಮೀನ್ ಹುಡ್ಕು ಮಿಷಿನ್ ಇತ್ತಲ್ಲ, ಅದನ್ನೇ ವೀಡಿಯೊ ತೆಗ್ದ್ಕಂಡ್ ಬನ್ನಿ" ಎಂದರು.

ಅಪ್ಪಯ್ಯ ಗಂಗೊಳ್ಳಿ ಬಂದರಿನ ಒಂದು ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ನಾನು ವಿಷಯ ಹೇಳಿದಾಗ, "ನಾನೆಂತ ಹೇಳುದ್ ಅದ್ರಗೆ?" ಎಂದು ಎರಡು ದಿನ ತಪ್ಪಿಸಿಕೊಂಡರು. ಮೂರನೆಯ ದಿನ ತಾವಾಗಿಯೇ, "ಬೋಟ್ ರಜೆ ಇಪ್ಪು ದಿನ ಬನ್ನಿ" ಎಂದರು.

ಆ ದಿನ ಅವರು ಮದುವೆಗೆ ಹಾಕುವ ಬಿಳಿ ಶರ್ಟು ಹಾಕಿಕೊಂಡು ಬೋಟಿನಲ್ಲಿ ನಿಂತಿದ್ದರು. ಗೆಳತಿ ಅಲ್ಲಿಯವರೆಗೆ ಬೋಟು ಹತ್ತಿದವಳಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಹೋಗುವವರೆಗೆ ಚೆನ್ನಾಗಿಯೇ ಚಿತ್ರ ತೆಗೆದಳು. ಮೀನು ಹುಡುಕುವ ಮಿಷನ್ನಿನ ಪರದೆಯ ಮೇಲೆ ಕೆಂಪು, ಹಳದಿ ಗುಪ್ಪೆಗಳು ಏಳುವುದನ್ನು ಹತ್ತಿರದಿಂದ ಹಿಡಿದಳು. ಆಮೇಲೆ ಅಲೆಗೆ ಬೋಟು ತೂಗತೊಡಗಿತು. ಕ್ಯಾಮೆರಾವನ್ನು ನನ್ನ ಕೈಗೆ ತುರುಕಿ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡಳು. ಅಪ್ಪಯ್ಯ ಚುಕ್ಕಾಣಿಯನ್ನು ಜೊತೆಯವರಿಗೆ ಕೊಟ್ಟು ಅವಳ ಪಕ್ಕ ಕುಳಿತರು.

"ಕಣ್ಣ್ ಮುಚ್ಬೇಡ ಮಗಾ. ಆ ದೂರದ್ ಗುಡ್ಡಿ ಕಾಣ್. ಗುಡ್ಡಿ ಅಲ್ಲಾಡುದಿಲ್ಲೆ."

ಅವಳು ದಡ ಮುಟ್ಟುವವರೆಗೂ ಗುಡ್ಡೆಯನ್ನೇ ನೋಡುತ್ತ ಕುಳಿತಳು. ಅವಳ ತಲೆಗೆ ಬಿಸಿಲು ಬೀಳದಂತೆ ಅಪ್ಪಯ್ಯ ಹೆಗಲ ಮೇಲಿನ ಬೈರಾಸು ಬಿಚ್ಚಿ ಹಿಡಿದೇ ಇದ್ದರು.

ಶಾಲೆಯಲ್ಲಿ ಹಾಕಿ ನೋಡಿದರೆ ಚಿತ್ರ ಚೆನ್ನಾಗಿತ್ತು, ಅಪ್ಪಯ್ಯನ ಮಾತು ಮಾತ್ರ ಇಂಜಿನ್ನಿನ ಸದ್ದಿನಲ್ಲಿ ಪೂರ್ತಿ ಮುಳುಗಿತ್ತು. ಸ್ಟುಡಿಯೋದಲ್ಲಿ ಮತ್ತೆ ಮಾತಾಡಿಸಬೇಕು ಎಂದರು ಸರ್.

ಅಪ್ಪಯ್ಯ ಶನಿವಾರ ಮಧ್ಯಾಹ್ನ ಬಂದರು, ಅದೇ ಬಿಳಿ ಶರ್ಟಿನಲ್ಲಿ. ಕಂಬಳಿಯ ಕೋಣೆಯಲ್ಲಿ ಮೈಕಿನ ಎದುರು ಕೂರಿಸಿದೆವು. ನಾನು ಕೋಣೆಯ ಗಾಜಿನ ಕಿಟಕಿಯ ಈಚೆಯಿಂದ ಕೈಸನ್ನೆ ಮಾಡಿದೆ.

"ಮಾನ್ಯ ವಿದ್ಯಾರ್ಥಿಗಳೇ, ಈ ಯಂತ್ರವು..." ಎಂದರು. ಸಮುದ್ರದಲ್ಲಿ ಒಂದು ಬೋಟಿನಿಂದ ಇನ್ನೊಂದಕ್ಕೆ ಕೂಗಿ ಮಾತಾಡುವ ಅಪ್ಪಯ್ಯ ಅಲ್ಲಿಗೇ ತಡವರಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ಯಂತ್ರದ ಹತ್ತಿರವೇ ನಿಂತರು. ಕೊನೆಗೆ ಮೈಕಿಗೆ ಕೈ ಅಡ್ಡ ಹಿಡಿದು ಸರ್ ಕಡೆ ತಿರುಗಿದರು.

"ಹ್ವಾಯ್ ಮಾಸ್ಟ್ರೇ, ಸತ್ಯ ಹೇಳ್ತೆ. ಇದ್ ಹ್ಯಾಂಗ್ ಕೆಲ್ಸ ಮಾಡತ್ತ್ ಅಂದೇಳಿ ನಂಗ್ ಗೊತ್ತಿಲ್ಲೆ. ಕೆಂಪ್ ಕಂಡ್ರೆ ಬಲೆ ಬಿಡುದ್, ಅಷ್ಟೇ. ನಾನ್ ಅದ್ ಎಕ್ಸ್‌ರೇ ಅಂದೇಳಿ ಮಾಡಿದ್ದೆ."

ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಗೆಳತಿ ಎದ್ದು ಒಳಗೆ ಹೋಗಿ ಅಪ್ಪಯ್ಯನ ಎದುರಿಗೆ ಕುಳಿತಳು.

"ಎಕ್ಸ್‌ರೇ ಅಲ್ಲ ಮಾವ. ಅದ್ ಕೂಗುದ್."

"ಕೂಗುದಾ? ನಂಗ್ ಒಂದಿನವೂ ಕೇಳ್ಲಿಲ್ಲೆ."

"ಮನ್ಶರಿಗ್ ಕೇಂತಿಲ್ಲೆ. ನಮ್ಮನಿ ಎದ್ರಿಗ್ ಒಂದ್ ಗುಡ್ಡಿ ಇತ್ತ್. ಅಂಗಳದಗೆ ನಿಂತ್ ಕೂಗ್ರೆ ಸ್ವರ ತಿರ್ಗಿ ಬತ್ತ್. ಹತ್ರದ್ ಗುಡ್ಡಿ ಆರೆ ಬೇಗ ಬತ್ತ್, ದೂರದ್ದ್ ಆರೆ ತಡ. ನಿಮ್ ಮಿಷಿನೂ ಹಾಂಗೇ. ನೀರಿನ್ ಅಡಿಗ್ ಕೂಗತ್ತ್, ಮೀನಿಗ್ ಬಡ್ದ್ ಎಷ್ಟ್ ಹೊತ್ತಿಗ್ ತಿರ್ಗಿ ಬತ್ತ್ ಅಂದೇಳಿ ಕಾಣತ್ತ್."

ಅಪ್ಪಯ್ಯ ಮೈಕನ್ನು ಮರೆತೇಬಿಟ್ಟರು. ಸ್ಟೂಲಿನಲ್ಲಿ ಮುಂದಕ್ಕೆ ಬಾಗಿದರು. "ಹಾಂಗಾರೆ ಮೀನಿಗ್ ಕೇಂತಾ? ಕೇಂಡ್ರೆ ಅದ್ ಓಡಿ ಹೋತಿಲ್ಯಾ?"

"ಅದ್ ನಂಗೂ ಗೊತ್ತಿಲ್ಲೆ ಮಾವ. ಟೀಚರ್ ಹತ್ರ ಕೇಂಡ್ ಹೇಳ್ತೆ."

ಅಪ್ಪಯ್ಯ ಗಟ್ಟಿಯಾಗಿ ನಕ್ಕರು. ರೆಕಾರ್ಡಿಂಗ್ ನಿಲ್ಲಿಸಬೇಡ ಎಂದು ಸರ್ ನನಗೆ ಸನ್ನೆ ಮಾಡಿದ್ದರು. ನಿಲ್ಲಿಸುವ ಯೋಚನೆ ನನಗೂ ಇರಲಿಲ್ಲ. ಬರೆದಿಟ್ಟ ವಿವರಣೆಯನ್ನು ಬದಿಗಿಟ್ಟು ಈ ಮಾತುಕತೆಯನ್ನೇ ಚಿತ್ರಕ್ಕೆ ಜೋಡಿಸಿದೆವು. ಹೆಚ್ಚಿನ ಮೀನುಗಳಿಗೆ ಅಷ್ಟು ಕೀರಲು ಶಬ್ದ ಕೇಳಿಸುವುದಿಲ್ಲ ಎಂದು ವಿಜ್ಞಾನದ ಟೀಚರು ತಿಳಿಸಿದ ಮೇಲೆ ಅದನ್ನೂ ಸೇರಿಸಿದೆವು.

ಶಾಲೆಯ ಹಾಲ್‌ನಲ್ಲಿ ಅದನ್ನು ತೋರಿಸಿದ ದಿನ ಎಕ್ಸ್‌ರೇ ಎಂಬ ಮಾತಿಗೆ ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿದ್ದ ಅಪ್ಪಯ್ಯನೂ ನಕ್ಕರು. ಮೀನಿನ ಪ್ರಶ್ನೆ ಬಂದಾಗ ಮಾತ್ರ ನಗು ಬಿಟ್ಟು ಮುಂದಕ್ಕೆ ಬಾಗಿದರು. ಅದು ಎಲ್ಲರ ಪ್ರಶ್ನೆಯೂ ಆಗಿತ್ತು. ಆ ಪಾಠವನ್ನು ಮತ್ತೆ ಮಾಡಿ ಎಂದು ಯಾರೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಅಪ್ಪಯ್ಯ, "ಚಿತ್ರ ಬ್ಯಾಡ, ಸ್ವರ ಒಂದೇ ಕೇಣ್ಸ್" ಎಂದರು. ಸ್ಟುಡಿಯೋದಲ್ಲಿ ಹೆಡ್‌ಫೋನು ಹಾಕಿ ಕೇಳಿಸಿದೆ. ತಮ್ಮ ನಗು ಬಂದ ಕಡೆ ಅವರು ಕೈ ಎತ್ತಿದರು.

"ಇದ್ ನನ್ ಸ್ವರ ಅಲ್ಲ."

"ನಿಮ್ದೇ ಅಪ್ಪಯ್ಯ. ನಮ್ ಸ್ವರ ನಮ್ಗ್ ಬೇರೆ ನಮೂನಿ ಕೇಂತ್."

"ಅಲ್ಲ. ಇದ್ ನಿನ್ ಅಜ್ಜಯ್ಯಂದ್. ಅವ್ರ್ ಹೀಂಗೇ ನೆಗಾಡುದ್."

ಅಜ್ಜಯ್ಯನನ್ನು ನಾನು ಕಂಡಿಲ್ಲ. ಮನೆಯಲ್ಲಿ ಅವರ ಒಂದು ಫೋಟೋ ಇತ್ತು, ಅದರಲ್ಲಿ ಅವರು ನಗುತ್ತಿರಲಿಲ್ಲ. ನಾನು ಆ ನಗುವನ್ನು ಮತ್ತೆ ಹಾಕಿದೆ. ಅಪ್ಪಯ್ಯ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು, ನೆಲ ನೋಡುತ್ತ ಕೇಳಿದರು. ಸಾಕು ಎನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಈಗ ನಾನು ಸೌಂಡಿನ ಕೆಲಸವನ್ನೇ ಮಾಡಿಕೊಂಡಿದ್ದೇನೆ. ಗೆಳತಿ ಬ್ರಹ್ಮಾವರದಲ್ಲಿ ವಿಜ್ಞಾನ ಕಲಿಸುತ್ತಾಳೆ. ಬೋಟಿಗೆ ಯಾವ ಹೊಸ ಮಿಷನ್ ಬಂದರೂ ಅಪ್ಪಯ್ಯನ ಮೊದಲ ಫೋನು ಅವಳಿಗೇ. ನನಗೆ ಫೋನ್ ಮಾಡುವುದು ಊಟ ಆಯಿತಾ ಎಂದು ಕೇಳಲು.