ಅಕ್ಕ, ನಾನು ಮತ್ತು ಮೂರು ಖಂಡಗಳ ಹಿಮ

ಮುಂದಿನ ವಾರ ಅಕ್ಕ ಜ್ಯೂರಿಕ್‌ನಿಂದ ಬರುತ್ತಾಳೆಂದು ಇವತ್ತು ಬೆಳಿಗ್ಗೆ ಗರಾಜಿನಲ್ಲಿ ಸ್ಕೀ ಬೂಟಿನ ಚೀಲ ಬಿಚ್ಚಿದೆ. ಒದ್ದೆ ಉಣ್ಣೆಯ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ನಿಮಗೆ ಹಿಡಿಸಲಾರದು, ಬಿಡಿ. ನನಗೆ ಮಾತ್ರ ಅವಳು ಹಿಂದಿನ ಸಲ ಬಂದಿದ್ದಾಗ ಇಲ್ಲಿ ನಮ್ಮೂರಿಗೆ ಹತ್ತಿರದ ತಾಹೋ ಹಿಮಬೆಟ್ಟಕ್ಕೆ ಹೋದದ್ದು ನೆನಪಾಯಿತು.

ಆಗ ಭಾವ ತೀರಿಕೊಂಡು ವರ್ಷ ತುಂಬಿತ್ತು. ಅವರಿಬ್ಬರೂ ಪ್ರತಿ ಚಳಿಗಾಲ ಆಲ್ಪ್ಸ್‌ನಲ್ಲಿ ಜೊತೆಯಾಗಿ ಜಾರಿದವರು. ನಾನೋ, ಮದುವೆಯಾದ ಹೊಸದರಲ್ಲಿ ಗುಲ್ಮಾರ್ಗ್‌ನಲ್ಲಿ ಕಲಿತವಳು. ಕಲಿತೆ ಅನ್ನುವುದು ದೊಡ್ಡ ಮಾತು. ಕಲಿಸುವವರು ತಮ್ಮ ಸ್ಕೀ ಕೋಲಿನ ತುದಿಯನ್ನು ನನ್ನ ಕೈಗೆ ಕೊಟ್ಟು, ಹಗ್ಗ ಹಿಡಿದು ಕರುವನ್ನು ಕರೆದೊಯ್ಯುವಂತೆ ಇಳಿಸಿದ್ದರು. ದಾರಿ ನಡುವೆ ಕೂರಿಸಿ ಬಿಸಿ ಕಹ್ವಾ ಚಹಾ ಕುಡಿಸಿದ್ದರು.

ತಾಹೋ ದಾರಿಯ ಟ್ರಾಫಿಕ್ಕಿನಲ್ಲಿ ಅಕ್ಕ ಕೇಳಿದಳು, "ಇಷ್ಟೂ ಕಾರು ಬೆಟ್ಟಕ್ಕೇನೇ? ನಮ್ಮಲ್ಲಿ ಸ್ಕೀ ತಗೊಂಡು ರೈಲು ಹತ್ತಿದ್ರೆ ಮುಗೀತು."

"ಇಲ್ಲಿ ಡ್ರೈವಿಂಗೇ ಅರ್ಧ ಸ್ಕೀಯಿಂಗು ಅಕ್ಕ."

"ಮಧ್ಯಾಹ್ನ ಊಟಕ್ಕೆ ಎಷ್ಟು ಹೊತ್ತು ಕೂರ್ತೀರಿ?"

"ಊಟಾನಾ? ಬೆಟ್ಟ ಹತ್ತಿಸೋ ಲಿಫ್ಟಲ್ಲೇ ಗ್ರನೋಲಾ ಬಾರು ತಿಂದ್ಕೊಳ್ತೀವಿ."

ಅವಳು ನನ್ನನ್ನು ನೋಡಿದ ರೀತಿಗೆ, ನಾವು ಬೆಟ್ಟಕ್ಕೆ ಹೋಗುವುದು ಖುಷಿಗೋ ಇನ್ನೊಂದು ಆಫೀಸಿಗೋ ಎಂದು ನನಗೇ ಅನುಮಾನ ಬಂತು.

ಮೇಲೆ ಲಿಫ್ಟಿನಿಂದ ಇಳಿದು ಸ್ವಲ್ಪ ದೂರ ಜಾರಿದ್ದೆವಷ್ಟೇ, ಮೋಡ ಕವಿಯಿತು. ನೆಲ, ಆಕಾಶ ಎಲ್ಲ ಒಂದೇ ಬಿಳುಪು. ನಿಂತಿದ್ದೇನೋ ಜಾರುತ್ತಿದ್ದೇನೋ ತಿಳಿಯಲಿಲ್ಲ. ನೋಡಿದರೆ, ಮುಂದಿದ್ದ ಅಕ್ಕ ಹಿಮದಲ್ಲಿ ಕೂತುಬಿಟ್ಟಿದ್ದಾಳೆ.

"ನಿನ್ ಭಾವ ಮುಂದೆ ಹೋದ್ರಾ?" ಎಂದಳು, ತೀರಾ ಸಹಜವಾಗಿ.

ಅದು ಮೋಡದ ಕಣ್ಕಟ್ಟೋ, ಅವಳ ನೆನಪೇ ತಪ್ಪಿತೋ? ಹೌದೆಂದರೆ ಸುಳ್ಳು, ಇಲ್ಲವೆನ್ನಲು ಬಾಯಿ ಬರಲಿಲ್ಲ. "ಬಾ ಅಕ್ಕ, ಕೆಳಗೆ ಹೋಗೋಣ" ಎಂದು ನನ್ನ ಕೋಲಿನ ತುದಿಯನ್ನು ಅವಳ ಕೈಗಿಟ್ಟೆ. ದಾರಿಯುದ್ದಕ್ಕೂ ನಾನು ಬಿದ್ದೆ, ಅವಳು ಬೀಳಲಿಲ್ಲ.

ಕೆಳಗೆ ಬಿಸಿ ಚಾಕೊಲೇಟು ಕುಡಿದು, "ತೀರಾ ಸಿಹಿ ಕಣೇ, ನಮ್ಮಲ್ಲಿ ಹೀಗಿರಲ್ಲ" ಅಂದಳು. ಮೇಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಂದಿನಿಂದ ಯಾವ ದೇಶದ ಸ್ಕೀಯಿಂಗು ಚೆನ್ನ ಎಂದು ಯಾರಾದರೂ ಕೇಳಿದರೆ ನನಗೆ ಆ ಮೋಡವೇ ನೆನಪಾಗುತ್ತದೆ.

ಈಗಷ್ಟೇ ಧೈರ್ಯ ಮಾಡಿ ಫೋನಿನಲ್ಲಿ ಕೇಳಿದೆ. "ಅಕ್ಕ, ಅವತ್ತು ಮೋಡದಲ್ಲಿ ಭಾವ ಮುಂದೆ ಹೋದ್ರಾ ಅಂತ ನೀನು ಕೇಳಿದ್ದೆ. ನೆನಪಿದ್ಯಾ?"

"ನೆನಪಿದೆ," ಎಂದಳು ಅಕ್ಕ. "ನೀನು ಇಲ್ಲ ಅನ್ನಲಿಲ್ಲ. ಕೆಳಗೆ ಬರೋವರೆಗೂ ಅವರು ಮುಂದೆ ಇದ್ದಾರೆ ಅಂದ್ಕೊಂಡೇ ಇಳಿದೆ."

ಇದನ್ನು ಕೇಳಿ ನೆಮ್ಮದಿಯಾಯಿತೋ ಗಾಬರಿಯಾಯಿತೋ, ನಿಜವಾಗಿ ಗೊತ್ತಿಲ್ಲ. ಈ ಸಲ ಮಾತ್ರ ಭಾವನ ಮಾತನ್ನು ನಾನೇ ಎತ್ತುತ್ತೇನೆ, ಮೋಡ ಇರಲಿ, ಬಿಸಿಲಿರಲಿ.