ಅಬ್ಬಾ ಹೇಳಿ ಬರೆಸಿದ ಮೊದಲ ಪುಟ

ಇವತ್ತು ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹತ್ತಿರ ಇದ್ದಿಲಿನ ಇಸ್ತ್ರಿಪೆಟ್ಟಿಯ ಕೆಳಗಿಂದ ಒದ್ದೆ ಬಟ್ಟೆಯ ಹಬೆ ಎದ್ದಿತು. ಆ ವಾಸನೆಗೆ ಬಸವಕಲ್ಯಾಣದ ನಮ್ಮ ಇಸ್ತ್ರಿ ಅಂಗಡಿ ನೆನಪಾಯಿತು.

ಆಗ ನಾನು ಹುಮನಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ. ಮಂಠಾಳದ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ನಮ್ಮ ತಂದೆಗೆ, ಅಬ್ಬಾಗೆ, ಕನ್ನಡ ಓದಲು ಬರುತ್ತಿರಲಿಲ್ಲ, ಮಾತು ಮಾತ್ರ ಬಹಳ ಚೆಂದ. ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತ ಕೋಟೆ, ಶರಣರು, ದರ್ಗಾ ಎಂದು ಬಸವಕಲ್ಯಾಣದ ಹಿರಿಮೆ ಹೇಳಿ ಮೊದಲ ಪುಟ ಬರೆಸಿದರು. ಬಂದ ಗಿರಾಕಿಗಳಿಂದೆಲ್ಲ ಅದನ್ನು ಓದಿಸಿ ಕೇಳಿದರು.

ಕಾಲೇಜಿನ ಮೇಡಂ ಆ ಪುಟಕ್ಕೆ ಅಡ್ಡಗೆರೆ ಎಳೆದರು. "ಚಂದ ಅದ. ಆದ್ರ ನಿನ್ನ ಪ್ರಬಂಧ ಸುರು ಆಗೋದು ಎರಡನೇ ಪುಟದಾಗ. ಇದನ್ನ ತೆಗಿ."

ಅವರ ಮಾತು ಸರಿಯಾಗಿತ್ತು. ಅಬ್ಬಾಗೆ ಹೇಗೆ ಹೇಳುವುದೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ನೇರವಾಗಿಯೇ ಹೇಳಿಬಿಟ್ಟೆ. ಅವರು ಇಸ್ತ್ರಿ ನಿಲ್ಲಿಸಲಿಲ್ಲ.

"ಉಳಿದಿದ್ದು ಓದು," ಅಂದರು.

ಓದಿದೆ. ನಡುವೆ ಬಂದ ಗಿರಾಕಿಯನ್ನು ಕೈಸನ್ನೆಯಲ್ಲೇ ಕೂರಿಸಿದರು. ಮುಗಿದ ಮೇಲೆ, "ಆ ಹೆಣ್ಮಕ್ಕಳು ಕಣ್ಣಿಗಿ ಕಾಣಾಕತ್ತಾರ. ಮೇಡಂ ಬರೋಬರ್ ಹೇಳ್ಯಾರ," ಅಂದರು. ಆಮೇಲೆ ದನಿ ತಗ್ಗಿಸಿ, "ಆ ಹಾಳಿ ಹರೀಬ್ಯಾಡ. ನನಗ ಕೊಡು," ಎಂದರು.

ಈಗ ನಾನೇ ಮಕ್ಕಳ ಪ್ರಬಂಧ ತಿದ್ದುತ್ತೇನೆ. ನಿನ್ನೆ ದುಬಲಗುಂಡಿಯ ಹುಡುಗಿಯೊಬ್ಬಳನ್ನು, "ಈ ಮೊದಲ ಪುಟ ಯಾರು ಬರೆಸಿದ್ರು?" ಎಂದು ಕೇಳಿದೆ.

"ನಮ್ಮವ್ವ ರೀ."

ಗೆರೆ ಎಳೆಯಲಿಲ್ಲ. ಪುಟವನ್ನು ಮೆಲ್ಲಗೆ ಬಿಡಿಸಿ ಅವಳ ಕೈಗಿಟ್ಟು, "ಇದನ್ನ ಅವ್ವಗ ಕೊಡು. ಪ್ರಬಂಧ ಇದರ ಮುಂದಿಂದ ಸುರು ಮಾಡು," ಎಂದೆ.