ಮಗಳು ಮಾತು ಕಲಿತ ವಾಡೆ

ದೆವ್ವ, ಪೀಡೆ ಎಂದರೆ ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಅಂಕಲಿಯ ಹಳೇ ವಾಡೆಯಲ್ಲಿ ಆದದ್ದು ನೆನಪಾದರೆ ನಗು ಮಾತ್ರ ಬರುವುದಿಲ್ಲ.

ಎಂಬತ್ತರ ದಶಕದ ಕೊನೆ ಇರಬೇಕು. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಧಾರವಾಡದಿಂದ ಅಲ್ಲಿಗೆ ಹೋದೆವು. ಒಂದು ಜೈನ ಮನೆತನದ ವಾಡೆಯ ಮುಂದಿನ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಒಳಗೆ ಕಲ್ಲು ಹಾಸಿದ ಚೌಕ, ಸುತ್ತ ಕಂಬದ ಪಡಸಾಲೆ. ಹಿಂಭಾಗದಲ್ಲಿ ಮನೆಯ ಒಡತಿ ಪದ್ಮವ್ವ, ಅವರ ಮಕ್ಕಳು, ಸೊಸೆಯರು.

ಪಡಸಾಲೆಯ ಮೂಲೆಯ ಒಂದು ಕೋಣೆಗೆ ಸದಾ ಚಿಲಕ ಹಾಕಿರುತ್ತಿತ್ತು. ಕೇಳಿದಾಗ ಪದ್ಮವ್ವ ಮುಚ್ಚಿಡಲಿಲ್ಲ. ಪ್ಲೇಗು ಬಂದ ಕಾಲಕ್ಕೆ ಮನೆಯವರು ಹೊಲದಲ್ಲಿ ಗುಡಿಸಲು ಹಾಕಿಕೊಂಡರಂತೆ. ಜ್ವರ ಹತ್ತಿದ್ದ ಒಂದು ಹುಡುಗಿಯನ್ನು ಮಾತ್ರ ಈ ಕೋಣೆಯಲ್ಲೇ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ ಹೋದರಂತೆ.

"ಅದರ ತಾಯಿ ಕೊಲ್ಲಾಪುರದ ಕಡೆಯಾಕಿ. ಬಾಗಲಾ ತಗೀತೀನಂತ ಓಡಿ ಬಂದ್ಳಂತ. ಗಂಡಸ್ರು ಬಿಡಲಿಲ್ಲ" ಎಂದರು. "ಜನ ಏನೇನರ ಅಂತಾರ್ರಿ. ನಾವು ಆ ಖೋಲಿ ಬಳಸೂದಿಲ್ಲ, ಅಷ್ಟ."

ನನ್ನ ಚಿಂತೆಯೇ ಬೇರೆ ಇತ್ತು. ಮಗಳು ಸುಮಾಗೆ ನಾಲ್ಕು ತುಂಬಿದರೂ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಕಿವಿ ಸರಿಯಾಗಿದ್ದವು. ಮಿರಜಿನ ಡಾಕ್ಟರರಿಗೂ ತೋರಿಸಿ ಬಂದಿದ್ದೆವು.

ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತಿದ್ದೆ. ಪಡಸಾಲೆಯಲ್ಲಿ ಮಗುವಿನ ದನಿ ಕೇಳಿತು: "ಆಯೀ, ದಾರ್ ಉಘಡ್." ಅವ್ವಾ, ಬಾಗಿಲು ತೆಗೆ ಎಂದು. ಎದ್ದು ಹೋದರೆ ನಮ್ಮ ಸುಮಾ, ಆ ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತಿದ್ದಳು. ನನಗೆ ಹೆದರಿಕೆ ಆಗಲಿಲ್ಲ, ಸಂತೋಷಕ್ಕೆ ಅಳು ಬಂತು. ಗಡಿಯ ಊರು, ಓಣಿಯಲ್ಲೆಲ್ಲ ಮರಾಠಿ. ಎಲ್ಲೋ ಕೇಳಿಸಿಕೊಂಡಿದ್ದಾಳೆ ಅಂದುಕೊಂಡೆ.

ಆದರೆ ದಿನವೂ ಅದೊಂದೇ ಮಾತು, ಅಲ್ಲೇ ನಿಂತು. ದನಿ ಬರಬರುತ್ತ ಕುಂದಿತು, ಗಂಟಲು ಒಣಗಿದವರ ಹಾಗೆ. ನೀರು ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಮೈ ಸುಡತೊಡಗಿತು. ಗಂಡ ಚಿಕ್ಕೋಡಿಯ ದವಾಖಾನೆಗೆ ಒಯ್ಯೋಣವೆಂದು ಗಾಡಿ ತರಲು ಹೋದರು. ಅಷ್ಟರಲ್ಲಿ ಸುಮಾ ತೆವಳಿಕೊಂಡು ಮತ್ತೆ ಆ ಬಾಗಿಲಿಗೆ ಹೋದಳು.

ನಾನು ಚಿಲಕಕ್ಕೆ ಕೈ ಹಾಕಿದೆ. ಪದ್ಮವ್ವ ಓಡಿ ಬಂದರು. "ಬ್ಯಾಡ ಬೇ, ತಗೀಬ್ಯಾಡ!"

"ಕೂಸು ಕೇಳಾಕತ್ತೈತ್ರಿ. ಹ್ಯಾಂಗ ಸುಮ್ಮ ಇರ್ಲಿ?"

ತೆಗೆದೆ. ಒಳಗೆ ಏನೂ ಇರಲಿಲ್ಲ. ಧೂಳು, ಗವಾಕ್ಷಿಯಿಂದ ಬಿದ್ದ ಒಂದಿಷ್ಟು ಬೆಳಕು. ಸುಮಾ ಒಳಗೆ ಕಾಲಿಡಲಿಲ್ಲ. ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದಳು. ಆಮೇಲೆ ನನ್ನ ಮುಖ ನೋಡಿ, ಚೊಕ್ಕ ಕನ್ನಡದಲ್ಲಿ, "ಅವ್ವಾ, ನೀರು" ಎಂದಳು.

ಸಂಜೆಗೆ ಜ್ವರ ಇಳಿಯಿತು. ಮುಂದೆ ಅವಳು ಎಲ್ಲ ಮಕ್ಕಳಂತೆ ಮಾತು ಕಲಿತಳು. ಅವಳಿಗೆ ಯಾವುದೂ ನೆನಪಿಲ್ಲ. ತಡವಾಗಿ ಮಾತು ಬರುವ ಮಕ್ಕಳು ಇರುತ್ತಾರೆ ಎಂದು ಡಾಕ್ಟರರು ಹೇಳಿದರು. ಇದ್ದೀತು.

ಆದರೆ ಆ ಹೊತ್ತು ನಾನು ಸುಮಾಳನ್ನು ಎತ್ತಿ ಎದೆಗೆ ಅವುಚಿಕೊಂಡು ಹೊರಟಾಗ, ನನ್ನ ಸೆರಗನ್ನು ಕೆಳಗಿನಿಂದ ಏನೋ ಜಗ್ಗುತ್ತಿತ್ತು. ಮೊಳೆಗೆ ಸಿಕ್ಕಿದ್ದರೆ ಹರಿಯಬೇಕಿತ್ತು. ಹರಿಯಲಿಲ್ಲ. ಪಡಸಾಲೆಯ ಉದ್ದಕ್ಕೂ ನನ್ನ ಜೊತೆಗೇ ಬಂತು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಚೌಕದ ಬಿಸಿಲಿಗೆ ಇಳಿದ ಕೂಡಲೇ ಸೆರಗು ಸಡಿಲವಾಯಿತು.